ಅಪ್‌ಡೇಟ್: ಮಹಡಿಯ ಚಿಪ್‌ಬೋರ್ಡ್ ನೆಲದಡಿ ಕೇಬಲ್ ಎಳೆದಾಯ್ತು

ಹೊಸ ಮನೆಯ ಮಹಡಿ ಕೋಣೆಯಲ್ಲಿ ನೆಲದಡಿ ನೆಟ್‌ವರ್ಕ್ ಕೇಬಲ್ ಎಳೀಬೇಕು, ನೆಲದ ಚಿಪ್‌ಬೋರ್ಡ್ (ಮರದ ಚೂರು ಅಂಟಿಸಿ ಒತ್ತಿದ ಹಲಗೆ) ಮೇಲಕ್ಕೇ ಬರ್ತಿಲ್ಲ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆ. ಕೆಲಸ ಮುಗೀತು.

ಸ್ಕ್ರೂ ಬಿಚ್ಚಿ ಮೀಟುಗೋಲಿನಿಂದ ಎಬ್ಬಿಸುವ ಸಲಹೆ ಫಲಿಸಲಿಲ್ಲ. 22 ಮಿ.ಮೀ. ಬೋರ್ಡುಗಳ ಅಂಚು ಒಂದರೊಳಗೊಂದು ಕೂತಿವೆ, ಸಂದಿಗೂ ತೊಲೆಗೂ ಅಂಟು ಬೇರೆ. ಮೀಟಿದರೆ ಅಂಚು ಪುಡಿಯಾಗುತ್ತೆ ಅಷ್ಟೆ. ಕೆಳಗಿನ ಸೀಲಿಂಗ್ ಒಡೆಯೋ ಅಗತ್ಯ ಬರಲಿಲ್ಲ.

ಗೆದ್ದದ್ದು ಬೋರ್ಡಿನಲ್ಲೇ ಕಿಂಡಿ ಕೊಯ್ದು, ಆ ತುಂಡನ್ನೇ ಮುಚ್ಚಳ ಮಾಡುವ ಸಲಹೆ. ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಅಯಸ್ಕಾಂತ ಆಡಿಸಿ ಸ್ಕ್ರೂಗಳ ಸಾಲು ಹುಡುಕಿದರೆ ತೊಲೆ ಎಲ್ಲಿದೆ ಅಂತ ಗೊತ್ತಾಗುತ್ತೆ. ಎರಡು ತೊಲೆಗಳ ನಡುವೆ 300×250 ಮಿ.ಮೀ. ಗುರುತು ಹಾಕಿ, ಕರೆಂಟು, ನೀರು ಎರಡೂ ಬಂದ್ ಮಾಡಿ. ವೃತ್ತಾಕಾರದ ಗರಗಸದ ಆಳ 20 ಮಿ.ಮೀ.ಗೆ ಇಡಿ, ಯಾಕಂದ್ರೆ ಅಡಿಯಲ್ಲಿ ಪೈಪು ಬೋರ್ಡಿಗೆ ತಾಗಿಕೊಂಡೇ ಹೋಗಿರಬಹುದು. ಉಳಿದ 2 ಮಿ.ಮೀ. ಮತ್ತು ಮೂಲೆಗಳಿಗೆ ಮಲ್ಟಿಟೂಲ್ (ಅದುರುವ ಸಣ್ಣ ಬ್ಲೇಡಿನ ಕೈಯಂತ್ರ).

ಮುಚ್ಚುವಾಗ ಕಿಂಡಿಯ ನಾಲ್ಕೂ ಅಂಚಿನಡಿ 50×50 ಮಿ.ಮೀ. ಮರದ ಪಟ್ಟಿ, ಅರ್ಧ ನೆಲದಡಿ, ಅರ್ಧ ಕಿಂಡಿಯೊಳಗೆ ಚಾಚುವಂತೆ, 50 ಮಿ.ಮೀ. ಸ್ಕ್ರೂ ಬಿಗಿದು ಕೂರಿಸಿ. ಇದಿಲ್ಲದಿದ್ದರೆ ಕಾಲಿಟ್ಟಾಗ ಮುಚ್ಚಳ ಕುಸಿಯುತ್ತೆ. ಮುಚ್ಚಳಕ್ಕೆ ಅಂಟು ಬೇಡ, ಮತ್ತೆ ತೆಗೀಬೇಕಾಗುತ್ತೆ.

ಅಚ್ಚರಿ ಅಂದ್ರೆ, ತೊಲೆಗಳ ನಡುಭಾಗ ಲೋಹದ ಜಾಲರಿ! ಒಂದೂ ತೂತು ಕೊರೆಯದೆ ಕೇಬಲ್ ಅಡ್ಡ ದಾಟಿತು. ನಿಮ್ಮಲ್ಲಿ ಐ-ಆಕಾರದ ಮರದ ತೊಲೆಯಿದ್ದರೆ ತಯಾರಕರು ಹೇಳಿದ ಕಡೆ, ನಡುವಿನ ತೆಳು ಹಲಗೆಯಲ್ಲಿ ಮಾತ್ರ ತೂತು ಮಾಡಿ. ಮೇಲಿನ, ಕೆಳಗಿನ ದಪ್ಪ ಪಟ್ಟಿಗಳನ್ನು ಖಂಡಿತ ಕೊಯ್ಯಬೇಡಿ, ಭಾರ ಹೊರೋದು ಅವೇ.