ಪಂಖಾನೋ, ಬೀಸಣಿಗೆಯೋ? ಬೋರ್ಡಿಗೆ ಯಾವ ಪದ?

ಗೆಳೆಯರೇ, ಒಂದು ಪದದ ವಿಚಾರ ಕೇಳಬೇಕಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮ ಅಳಿಯನ ಎಲೆಕ್ಟ್ರಿಕಲ್ ಅಂಗಡಿ ಇದೆ. ಈಗೀಗ ದೊಡ್ಡ ಹಾಲ್ ಇರುವ ಮನೆ ಕಟ್ಟುವವರು ಜಾಸ್ತಿ. ಅಂಥ ಹಾಲಿಗೆ 1200 ಎಂ.ಎಂ. ಫ್ಯಾನ್ ಸಾಲೋದಿಲ್ಲ, 1400ರದ್ದು ಬೇಕು, ಅಂದರೆ 56 ಇಂಚು, ಅಂಗಡಿಯಲ್ಲಿ ಅದನ್ನ 'ಛಪ್ಪನ್' ಅಂತಲೇ ಕರೀತಾರೆ. ಹೊಸ ಬೋರ್ಡಿಗೆ ನಾನು 'ದೊಡ್ಡ ಮನೆಗೆ ದೊಡ್ಡ ಪಂಖಾ' ಅಂತ ಬರೆದುಕೊಟ್ಟೆ. ಮೈಸೂರಿನ ಗೆಳೆಯರೊಬ್ಬರು ನೋಡಿ, 'ಪಂಖಾ ಹಿಂದಿ ಅಲ್ವಾ, ಬೀಸಣಿಗೆ ಅಂತ ಬರೀರಿ' ಅಂದರು.

ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಇವೆರಡೂ ಬೇರೆ ವಸ್ತುಗಳು. ಬೀಸಣಿಕಿ ಅಂದರೆ ಕೈಯಲ್ಲಿ ಹಿಡಿಯುವುದು. ನಮ್ಮವ್ವನದು ಈಚಲ ಗರಿಯದು, ಅಂಚು ಬಿಚ್ಚಬಾರದು ಅಂತ ಸುತ್ತಲೂ ಹಳೇ ಸೀರೆಯ ಕೆಂಪು ದಡಿ ಹೊಲಿದಿದ್ದಳು, ಹಿಡಿ ಮಾತ್ರ ಬೆವರಿಗೆ ಕಪ್ಪಾಗಿ ನುಣ್ಣಗಾಗಿತ್ತು. ಮೇಲೆ ತಿರುಗುವುದು ಪಂಖಾ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ 'ಪಂಖಾ ಹಚ್ಚಪ್ಪ, ಜೀವ ಹೋಗ್ಲತ್ತದ' ಅಂತಾರೆ. ಅಲ್ಲಿ ಬೀಸಣಿಕಿ ಅಂದರೆ ಕೈಗೆ ಗರಿ ತಂದುಕೊಡ್ತಾರೆ ಅಷ್ಟೇ.

ಇನ್ನು ಪರಭಾಷೆಯ ಮಾತು. 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದವರು, ಕಚೇರಿ ಭಾಷೆ ಉರ್ದು. ಆ ಕಾಲದ ಕಚೇರಿಗಳಲ್ಲಿ ಸೂರಿಗೆ ತೂಗುಹಾಕಿ ಹಗ್ಗದಿಂದ ಎಳೆಯುತ್ತಿದ್ದ ಬಟ್ಟೆಯದನ್ನೂ ಪಂಖಾ ಅಂತಲೇ ಕರೀತಿದ್ದರು. ಕರೆಂಟ್ ಬರುವ ಮೊದಲೇ ತಲೆ ಮೇಲೆ ಗಾಳಿ ಹಾಕುವ ವಸ್ತುವಿಗೆ ಆ ಹೆಸರಿತ್ತು. ಪದದ ಬೇರು ನೋಡಿದರೂ 'ಪಕ್ಷ'ದಿಂದ, ಅಂದರೆ ರೆಕ್ಕೆಯಿಂದ, ಬಂದದ್ದು. ನಮ್ಮ ಹಕ್ಕಿ ಕೂಡ ಪಕ್ಷಿ, ಪಕ್ಕಿ, ಹಕ್ಕಿ ಅಂತ ಆದದ್ದೇ ತಾನೆ. ಹಕ್ಕಿಯನ್ನ ಯಾರೂ ಹೊರಗಿನದು ಅನ್ನೋದಿಲ್ಲ.

ಆದರೂ ಬೀಸಣಿಗೆಯ ಪರವಾಗಿ ಒಂದು ಮಾತು ನನ್ನನ್ನ ಕಾಡುತ್ತಿದೆ. ಅತ್ತಿಂದಿತ್ತ ಆಡುವುದಕ್ಕೆ ಮಾತ್ರ ಬೀಸು, ಸುತ್ತುವುದಕ್ಕೆ ಹೊಂದೋದಿಲ್ಲ ಅಂತ ನಾನು ವಾದ ಮಾಡಿದ್ದೆ. ಆಮೇಲೆ ಬೀಸುವ ಕಲ್ಲು ನೆನಪಾಯಿತು! ಗೂಟ ಹಿಡಿದು ಗರಗರ ಸುತ್ತಿಸಿ ಜೋಳ ಬೀಸುವಾಗ ಅದೂ ಬೀಸುವುದೇ. ಹಾಗಾಗಿ ಆ ವಾದ ಬಿಟ್ಟೆ. ಬೀಸಣಿಗೆ ತಪ್ಪು ಪದ ಅಲ್ಲ, ನಮ್ಮ ಊರಲ್ಲಿ ಅದಕ್ಕೆ ಬೇರೆ ಕೆಲಸ ಇದೆ, ಅಷ್ಟೇ.

ನನಗೆ ಬೇಕಾದದ್ದು ಎರಡು. ಮೊದಲನೆಯದು, ಫ್ಯಾನಿನ ಮೂರು ಎಲೆಗಳಿಗೆ ನಿಮ್ಮಲ್ಲಿ ಏನಂತಾರೆ? ನಮ್ಮಲ್ಲಿ ರೆಕ್ಕಿ. ಮರಾಠಿಯವರು ಪಾತಿ ಅಂತಾರೆ. ಬೀದರ್, ಔರಾದ, ಭಾಲ್ಕಿ ಕಡೆ ಕನ್ನಡ ಮಾತಾಡುವಾಗಲೂ ಪಾತಿ ಅನ್ನೋದುಂಟಾ? ಬೋರ್ಡಿನ ಕೆಳಗೆ 'ಉದ್ದ ರೆಕ್ಕೆ, ಎತ್ತರದ ಸೂರಿಗೆ ಉದ್ದ ರಾಡ್' ಅಂತ ಒಂದು ಸಾಲು ಹಾಕಬೇಕು. ಸೂರು ತುಂಬಾ ಎತ್ತರ ಇದ್ದರೆ ರಾಡ್ ಉದ್ದ ಮಾಡಿ ಫ್ಯಾನ್ ಕೆಳಗಿಳಿಸಬೇಕು, ಇಲ್ಲದಿದ್ದರೆ ಗಾಳಿ ಮೇಲೇ ಉಳೀತದೆ, ಗಿರಾಕಿ ಫ್ಯಾನೇ ನಿಧಾನ ತಿರುಗ್ತದೆ ಅಂದ್ಕೊಂಡು ಮರುದಿನ ಬಂದು, ಒಳಗಿನ ಕಂಡೆನ್ಸರ್ (ಕೆಪಾಸಿಟರ್) ಬದಲಾಯಿಸು ಅಂತಾನೆ.

ಎರಡನೆಯದು ಕ್ರಿಯಾಪದ. ನಾವು ದೀಪ ಹಚ್ಚಿದ ಹಾಗೆ ಪಂಖಾನೂ ಹಚ್ಚುತ್ತೇವೆ. ಬೆಂಗಳೂರಲ್ಲಿ ಹಾಕ್ತಾರೆ. ಯಾದಗಿರಿ, ಶಹಾಪುರ, ಸುರಪುರದವರು ಹೇಳಿ, ನಿಮ್ಮಲ್ಲಿ ಹಚ್ಚೋದಾ, ಹಾಕೋದಾ, ಬಿಡೋದಾ? ಮನೇಲಿ ಅಜ್ಜಿ ಇದ್ದರೆ ಅವರನ್ನೇ ಕೇಳಿ ಬರೀರಿ. ಸೋಮವಾರ ಬೋರ್ಡ್ ಪೇಂಟರ್ ಕೈಗೆ ಹೋಗ್ತದೆ.