ಹೊಸ ಬ್ಯಾಟರಿ ಹಾಕಿದ್ರೂ ಯುಪಿಎಸ್ 4 ನಿಮಿಷ ಅಂತಲೇ ತೋರಿಸ್ತಿದೆ

ಕುವೆಂಪುನಗರ (ಕೇಳಿದವರು): 600 ವ್ಯಾಟ್ ಯುಪಿಎಸ್. ಒಳಗಿನ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎರಡನ್ನೂ ಬದಲಾಯಿಸಿದೆ. ರನ್‌ಟೈಮ್ (ಕರೆಂಟ್ ಹೋದ ಮೇಲೆ ಎಷ್ಟು ಹೊತ್ತು ಓಡುತ್ತೆ ಅನ್ನೋದು) ಮಾತ್ರ ಏರಿಲ್ಲ. ಕ್ಯಾಲಿಬ್ರೇಷನ್ (ಬ್ಯಾಟರಿ ಒಮ್ಮೆ ಖಾಲಿಯಾಗೋವರೆಗೆ ಓಡಿಸಿ ಯುಪಿಎಸ್ ಲೆಕ್ಕ ಸರಿಪಡಿಸೋದು) ಮಾಡಿದೋರು ದಯವಿಟ್ಟು ತಿಳಿಸಿ.

ಸರಸ್ವತಿಪುರಂ: ನನ್ನದರಲ್ಲೂ ಸತ್ತ ಬ್ಯಾಟರಿಯ ಲೆಕ್ಕವೇ ಮೆಮೊರಿಯಲ್ಲಿ ಕೂತಿತ್ತು. ಮೊದಲು ಒಂದು ಪೂರ್ತಿ ದಿನ ಚಾರ್ಜ್. ಆಮೇಲೆ ಕಂಪ್ಯೂಟರ್ ಪ್ಲಗ್ ಯುಪಿಎಸ್‌ನಿಂದ ತೆಗೆದು, ಅದರ ಬದಲು ಲೋಡ್ ಆಗಿ 100 ವ್ಯಾಟ್‌ನ ತಂತಿ ಬಲ್ಬು ಎರಡು. ಲೋಡ್ ಶೇ. 30ಕ್ಕಿಂತ ಮೇಲಿರಬೇಕು, ಅಲುಗಾಡಬಾರದು. ಎಪಿಸಿ ಕಂಪನಿಯ ಸ್ಮಾರ್ಟ್ ಯುಪಿಎಸ್ ಆಗಿದ್ರೆ, ಅದನ್ನ ಕಂಪ್ಯೂಟರಿಂದ ನೋಡಿಕೊಳ್ಳೋ ಪ್ರೋಗ್ರಾಂ ಎಪಿಸಿಯುಪಿಎಸ್‌ಡಿ ನಿಲ್ಲಿಸಿ, ಅದರ ಜೊತೆಗೇ ಬರೋ ಎಪಿಸಿಟೆಸ್ಟ್‌ನಲ್ಲಿ ಕ್ಯಾಲಿಬ್ರೇಷನ್ ಆರಿಸಿ. ಆ ಸೌಲಭ್ಯ ಇಲ್ಲದಿದ್ರೆ ಗೋಡೆ ಸ್ವಿಚ್ ಆಫ್ ಮಾಡಿ ಖಾಲಿಯಾಗೋವರೆಗೆ ಬಿಡಿ, ಪ್ಲಗ್ ಕೀಳಬೇಡಿ. ಕಿತ್ತರೆ ಅರ್ತಿಂಗೂ ಹೋಗುತ್ತೆ. ಮೊದಲ ಸಲ 12ನೇ ನಿಮಿಷಕ್ಕೆ ಯಾರೋ ಸ್ವಿಚ್ ಹಾಕಿದ್ರು, ಇಡೀ ಕೆಲಸ ವ್ಯರ್ಥ. ಮತ್ತೆ ಒಂದು ದಿನ ಚಾರ್ಜ್.

ಮಂಡ್ಯ, ಅಶೋಕನಗರ: ಪೂರ್ತಿ ಖಾಲಿ ಮಾಡಿಸೋ ಸಲಹೆಯನ್ನ ಇಷ್ಟು ಸಲೀಸಾಗಿ ಕೊಡ್ತೀರಲ್ಲ! ಲೆಡ್ ಆಸಿಡ್‌ಗೆ ಪ್ರತಿ ಆಳದ ಡಿಸ್ಚಾರ್ಜೂ ಆಯಸ್ಸು ತಿನ್ನುತ್ತೆ. ಸೆಲ್ಲಿಗೆ 1.75 ವೋಲ್ಟ್, ಅಂದ್ರೆ ಬ್ಯಾಟರಿಗೆ 10.5, ಅಲ್ಲಿಗೆ ಬಂದದ್ದನ್ನ ಚಾರ್ಜ್ ಮಾಡದೆ ಹಾಗೇ ಬಿಟ್ಟೆ. ಸಲ್ಫೇಟ್ ಕಟ್ಟಿ ಎರಡೂ ಹೋದವು. 2,300 ರೂಪಾಯಿ ಹೊಸದಕ್ಕೆ, ಹಳೇದಕ್ಕೆ ಗುಜರಿಯಲ್ಲಿ ಸಿಕ್ಕಿದ್ದು 300.

ಸರಸ್ವತಿಪುರಂ: ಚಾರ್ಜ್‌ಗೆ ಹಾಕದೆ ಬಿಟ್ಟದ್ದು ನೀವು. ಅದನ್ನ ಕ್ಯಾಲಿಬ್ರೇಷನ್ ತಲೆಗೆ ಕಟ್ಟಬೇಡಿ. ವರ್ಷಕ್ಕೊಂದು ಸಲ ಮಾಡಿದ್ರೆ ಬ್ಯಾಟರಿ ಸಾಯಲ್ಲ.

ಶ್ರೀರಂಗಪಟ್ಟಣ: ಇಬ್ಬರೂ ಲೆಕ್ಕ ಬಿಟ್ಟಿರಿ. 24 ವೋಲ್ಟ್, 7 ಎಎಚ್, 168 ವ್ಯಾಟ್‌-ಅವರ್. 200 ವ್ಯಾಟ್‌ಗೆ 50 ನಿಮಿಷ ಅಂತ ಕಾಯಬೇಡಿ. ಆ 7 ಎಎಚ್ ಇಪ್ಪತ್ತು ಗಂಟೆ ನಿಧಾನಕ್ಕೆ ಎಳೆದಾಗಿನದು. ಹತ್ತು ಆಂಪಿಯರ್ ಹತ್ತಿರ ಎಳೆದ್ರೆ ಸಿಗೋದು 20 ನಿಮಿಷದ ಆಸುಪಾಸು. ಲೋಡ್ ಅರ್ಧ ಮಾಡಿದ್ರೆ ಸಮಯ ಎರಡರಷ್ಟಲ್ಲ, ಅದಕ್ಕೂ ಜಾಸ್ತಿ. ನನ್ನದು ಅಗ್ಗದ ಯುಪಿಎಸ್, ಕ್ಯಾಲಿಬ್ರೇಷನ್ನೇ ಇಲ್ಲ. ಎರಡು ಲೋಡಲ್ಲಿ ಗಡಿಯಾರ ಹಿಡಿದು ಅಳೆದು, ಯುಪಿಎಸ್ ನೋಡಿಕೊಳ್ಳೋ ಪ್ರೋಗ್ರಾಂ ಆದ ನಟ್‌ನ ರನ್‌ಟೈಮ್‌ಕ್ಯಾಲ್ ಸಾಲಿಗೆ ಬರೆದೆ: ಸೆಕೆಂಡು, 100, ಸೆಕೆಂಡು, 50 (100, 50 ಅನ್ನೋದು ಲೋಡಿನ ಶೇಕಡಾ). ಅಂದಿನಿಂದ ತೋರಿಸೋ ಸಂಖ್ಯೆ ನಂಬಬಹುದು.

ಒಂಟಿಕೊಪ್ಪಲು: ಇಷ್ಟೆಲ್ಲ ಯಾಕೆ? ಟ್ಯೂಬ್ಯುಲರ್ ಬ್ಯಾಟರಿಯ ಮನೆ ಇನ್ವರ್ಟರ್ ಹಾಕಿಸಿ. ನಾನು 24,000 ಕೊಟ್ಟೆ, ಗಂಟೆಗಟ್ಟಲೆ ಬರುತ್ತೆ.

ಮಂಡ್ಯ, ಅಶೋಕನಗರ: ಇನ್ವರ್ಟರ್ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡಲ್ಲಿದೆಯಾ ನೋಡಿದೀರಾ? ಇನ್ನೊಂದು ಮೋಡಲ್ಲಿ ಕರೆಂಟಿಂದ ಬ್ಯಾಟರಿಗೆ ಬದಲಾಗೋದು ನಿಧಾನ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ. ನೀರು ಹಾಕೋ ಕೆಲಸ ಬೇರೆ.

ಒಂಟಿಕೊಪ್ಪಲು: ನಂದು ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ. ಡಿಸ್ಟಿಲ್ಡ್ ನೀರು ನಾಲ್ಕು ತಿಂಗಳಿಗೊಮ್ಮೆ, ಐದು ನಿಮಿಷದ ಕೆಲಸ. ನೋಡದೆ ಮಾತಾಡಬೇಡಿ.

ಶ್ರೀರಂಗಪಟ್ಟಣ: ಕುವೆಂಪುನಗರದವರೇ, ಬಲ್ಬು ಹಚ್ಚಿದಾಗ ಎರಡೂ ಬ್ಯಾಟರಿಯ ವೋಲ್ಟೇಜ್ ಬೇರೆಬೇರೆ ಅಳೀರಿ. ಒಂದು 12, ಇನ್ನೊಂದು 10.8 ಅಂತ ಬಂದ್ರೆ ಅಂಗಡಿಗೆ ವಾಪಸ್ ಕೊಡಿ. ಅಂಥ ಜೋಡಿಗೆ ಕ್ಯಾಲಿಬ್ರೇಷನ್ ದಂಡ.