ಅಪ್‌ಡೇಟ್: ತಮ್ಮನ ಕೈನಡುಕ ಮತ್ತು ಚಡಪಡಿಕೆ ಈಗ ಹೇಗಿದೆ

ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ರಿಸ್ಪೆರಿಡೋನ್ ಮಾತ್ರೆ ಸೇವಿಸುತ್ತಿರುವ ನನ್ನ ತಮ್ಮನಿಗೆ ಕೈ ನಡುಗುತ್ತಿದೆ, ಒಂದೆಡೆ ಕೂರಲಾಗುತ್ತಿಲ್ಲ, ಇದು ಕಾಯಿಲೆ ಉಲ್ಬಣಿಸಿದ್ದೋ ಮಾತ್ರೆಯ ಪರಿಣಾಮವೋ ಎಂದು ಮಳೆಗಾಲದಲ್ಲಿ ಕೇಳಿದ್ದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ ಎಂದು ಎಚ್ಚರಿಸಿದವರಿಗೆ ನಾನು ನಿಜಕ್ಕೂ ಋಣಿ. ಆ ವಾರವೇ ಅಮ್ಮ ಮಾತ್ರೆಗಳನ್ನು ಎತ್ತಿಡಲು ನಿರ್ಧರಿಸಿದ್ದರು.

ಆಗುಂಬೆ ಕಡೆಯ ನಮ್ಮೂರಿನಿಂದ ಜಡಿಮಳೆಯಲ್ಲೇ ಶಿವಮೊಗ್ಗಕ್ಕೆ ಹೋಗಿ ಮನೋವೈದ್ಯರನ್ನು ಕಂಡೆವು. ಅವರು ತಮ್ಮನ ಮೊಣಕೈ ಮಡಿಸಿ ಬಿಗಿತ ಪರೀಕ್ಷಿಸಿದರು, ನಡೆಯುವಾಗ ತೋಳು ಬೀಸುತ್ತಾನೆಯೇ ಎಂದು ಗಮನಿಸಿದರು. ಈ ಮಾತ್ರೆ ಮೆದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕದ ಕೆಲಸಕ್ಕೆ ತಡೆಯೊಡ್ಡುವುದರಿಂದಲೇ ಭ್ರಮೆಗಳು ತಗ್ಗುತ್ತವೆಯಾದರೂ, ಚಲನೆಯನ್ನು ಹದದಲ್ಲಿಡುವ ಭಾಗದಲ್ಲೂ ಅದೇ ತಡೆ ಉಂಟಾದಾಗ ನಡುಕ ಮತ್ತು ಬಿಗಿತ ಬರುತ್ತವೆ ಎಂದು ವಿವರಿಸಿದರು. ಚಡಪಡಿಕೆಯ ಹೆಸರು ಅಕಥಿಸಿಯಾ. ಅದನ್ನು ಕಾಯಿಲೆಯ ಉದ್ವೇಗವೆಂದು ತಪ್ಪಾಗಿ ತಿಳಿದು ಡೋಸ್ ಹೆಚ್ಚಿಸಿದರೆ ಸಂಕಟವೂ ಹೆಚ್ಚುತ್ತದೆ ಎಂಬ ಮಾತು ನನ್ನ ಮನಸ್ಸನ್ನು ಬಹಳ ಕಲಕಿತು, ಏಕೆಂದರೆ ನಾವೂ ಅವನನ್ನು ಸುಮ್ಮನೆ ಕೂರು ಎಂದು ಗದರಿಸುತ್ತಿದ್ದೆವು.

ರಿಸ್ಪೆರಿಡೋನ್ ಡೋಸ್ ಅನ್ನು ನಿಧಾನವಾಗಿ ಇಳಿಸಿದರು. ಆಸ್ತಮಾ ಇಲ್ಲವೆಂದು ಖಚಿತಪಡಿಸಿಕೊಂಡು ಚಡಪಡಿಕೆಗೆ ಪ್ರೊಪ್ರನೊಲಾಲ್, ನಡುಕಕ್ಕೆ ಕೆಲವು ವಾರ ಟ್ರೈಹೆಕ್ಸಿಫೆನಿಡಿಲ್ ಕೊಟ್ಟರು. ಎರಡನೆಯದರಿಂದ ಬಾಯಿ ಒಣಗಿತು, ಮಲಬದ್ಧತೆಯೂ ಆಯಿತು.

ಈಗ ಅಡಿಕೆ ಸುಲಿತದ ಕಾಲ. ನಡುಕ ಪೂರ್ತಿ ಹೋಗದ ಕಾರಣ ಮೆಟ್ಟುಗತ್ತಿ ಕೊಟ್ಟಿಲ್ಲ, ಆದರೆ ಎಲ್ಲರ ನಡುವೆ ಗಂಟೆಗಟ್ಟಲೆ ಕುಳಿತು ಸುಲಿದ ಅಡಿಕೆಯನ್ನು ಆರಿಸುತ್ತಾನೆ. ಈ ಮಾತ್ರೆ ಶುರುಮಾಡಿದ ವರ್ಷಗಳ ನಂತರವೂ ತುಟಿ, ನಾಲಿಗೆಗಳಲ್ಲಿ ತಾನಾಗಿ ಚಲನೆ ಕಾಣಿಸಿಕೊಳ್ಳಬಹುದಾದ್ದರಿಂದ, ಪ್ರತಿ ಭೇಟಿಯಲ್ಲೂ ವೈದ್ಯರು ಅದನ್ನು ಪರೀಕ್ಷಿಸುತ್ತಿದ್ದಾರೆ.